ಅದೇ ಬ್ರೇಕ್ ಶೂ, ಬೇರೆ ನಂಬರು

ಕೊಳ್ಳೇಗಾಲದ ಒಂದು ಸ್ಕೂಟರ್ ಷೋರೂಮಿನಲ್ಲಿ ಬಿಡಿಭಾಗಗಳ ಸ್ಟೋರು ನನ್ನ ಕೈಯಲ್ಲಿತ್ತು. ಯಳಂದೂರಿನಿಂದ ದಿನಾ ಸ್ಕೂಟರಿನಲ್ಲೇ ಹೋಗಿಬರುತ್ತಿದ್ದೆ. ಪ್ರತಿವರ್ಷ ಹೊಸ ಮಾಡೆಲ್ ಬರುವ ಮೊದಲು ಅದಕ್ಕೆ ಯಾವ ಸಾಮಾನು ಎಷ್ಟು ತರಿಸಿಡಬೇಕು, ಹಳೆಯದರಲ್ಲಿ ಯಾವುದನ್ನು ಇನ್ನು ಸಾಕು ಮಾಡಬೇಕು ಎಂದು ನಾನೇ ತೀರ್ಮಾನಿಸಬೇಕಿತ್ತು. ಕಡಿಮೆ ತರಿಸಿದರೆ ಗಿರಾಕಿ ಗಾಡಿ ನಮ್ಮಲ್ಲೇ ಬಿಟ್ಟು ಬೈದುಕೊಂಡು ಬಸ್ಸು ಹತ್ತುತ್ತಾನೆ. ಜಾಸ್ತಿ ತರಿಸಿದರೆ ರ‍್ಯಾಕಿನಲ್ಲೇ ಧೂಳು ಹಿಡಿಯುತ್ತದೆ. ಈ ಕೆಲಸಕ್ಕೆ ಸ್ವಲ್ಪ ಅನುಮಾನದ ಬುದ್ಧಿ ಬೇಕು. ನನಗೆ ಅದು ಜಾಸ್ತಿಯೇ ಇತ್ತು. ಅಂಗಡಿಯವನು ತೂಗಿಕೊಟ್ಟ ಟೊಮೆಟೊವನ್ನು ಮನೆಗೆ ತಂದು ಮತ್ತೆ ತೂಗಿ ನೋಡುವವಳು ನಾನು.

ಆ ವರ್ಷದ ಹೊಸ ಮಾಡೆಲಿನ ಜೊತೆ ಮಾದರಿಗೆಂದು ಒಂದಿಷ್ಟು ಬಿಡಿಭಾಗಗಳು ಬಂದವು. ಅದರಲ್ಲಿ ಗಾಲಿಯನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂ ನೋಡಿ ನನ್ನ ತಲೆಗೆ ಹುಳ ಹೊಕ್ಕಿತು. ಪೊಟ್ಟಣ ಹೊಸದು, ನಂಬರ್ ಹೊಸದು, ಬೆಲೆಯೂ ಹೆಚ್ಚು. ಬಿಚ್ಚಿ ಹಳೆ ಶೂ ಪಕ್ಕದಲ್ಲಿಟ್ಟರೆ ಅಳತೆ, ಬಾಗು, ಸ್ಪ್ರಿಂಗ್ ಸಿಕ್ಕಿಸುವ ತೂತು ಎಲ್ಲ ಒಂದೇ. ಗಾಡಿ ರಿಪೇರಿ ಮಾಡುವ ನಮ್ಮ ಮೇಸ್ತ್ರಿಯನ್ನು ಕರೆದು ತೋರಿಸಿದೆ. ವಯಸ್ಸಿನಲ್ಲಿ ದೊಡ್ಡವರಾದರೂ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು.

“ಎರಡೂ ಒಂದೇಯ ಕಣಕ್ಕ. ನಂಬರ್ ಬ್ಯಾರೆ ಆಕವ್ರೆ, ಅಷ್ಟೆ” ಎಂದರು.

ಕಂಪನಿ ಕಡೆಯ ಹುಡುಗ ಬಂದಾಗ ಅವನನ್ನೂ ಕೇಳಿದೆ. “ಬೇರೆ ಬೇರೆ ಮೇಡಂ” ಎಂದ. ಏನು ಬೇರೆ ಎಂದರೆ, “ಕಂಪನಿಯವರು ಬೇರೆ ಅಂದಿದಾರೆ” ಎಂದು ಫೋನು ನೋಡುತ್ತಾ ಕೂತ. ಬೆಲೆ ಏರಿಸಲೆಂದೇ ನಂಬರ್ ಬದಲಿಸಿದ್ದಾರೆ ಎಂದುಕೊಳ್ಳಲು ನನಗೆ ಅಷ್ಟೇ ಸಾಕಾಯಿತು.

ನಮ್ಮ ಧಣಿಗಳು ಹನೂರು ಕಡೆ ಜಮೀನಿದ್ದ ದೊಡ್ಡ ಮನೆತನದವರು. ಹಿಂದಿನ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಹಳೆ ಶೂಗಳನ್ನು ರಾಶಿ ತರಿಸಿದ್ದರು. ವಿಷಯ ಕೇಳಿದ ತಕ್ಷಣ, “ಅಂಗಾದ್ರೆ ಅಳೇವನ್ನೇ ಒಸ ಗಾಡಿಗೂ ಆಕ್ಬುಡಿ. ತರ್ಸೋದೇ ಬ್ಯಾಡ” ಎಂದರು.

ಅವರು ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಅವರ ಮೇಲೂ ಅನುಮಾನ ಬಂತು. ಒಂದೇ ಎಂದು ಹೇಳಲು ಮೇಸ್ತ್ರಿಗೆ ಇವರೇ ಮೊದಲೇ ಹೇಳಿಕೊಟ್ಟಿದ್ದರೆ? “ಒಂದು ಸಲ ಬೆಟ್ಟದ ರಸ್ತೇಲಿ ನೋಡಿ ಆಮೇಲೆ ಹೇಳ್ತೀನಿ ಸಾ” ಎಂದೆ.

ಮೇಸ್ತ್ರಿ ಹೊಸ ಗಾಡಿಗೆ ಹಳೆ ಶೂ ಹಾಕುವಾಗ ಪಕ್ಕದಲ್ಲೇ ಕೂತಿದ್ದೆ. ಕೊನೆಯ ನಟ್ಟನ್ನು ನಾನೇ ತಿರುಗಿಸಿದೆ. ಅವರೊಬ್ಬರನ್ನೇ ಕಳಿಸಲು ಮನಸ್ಸು ಬಾರದೆ ಹಿಂದೆ ಕೂತು ಹೊರಟೆ. ಹನೂರಿನಲ್ಲಿ ಟೀ ಕೊಡುತ್ತಿದ್ದವನು ನನ್ನನ್ನೇ ನೋಡಿ, “ಯಾರಣ್ಣ ಇವ್ರು?” ಎಂದು ಕೇಳಿದ.

“ನನ್ನ ಮ್ಯಾಲೆ ಕಾವಲು” ಎಂದರು ಮೇಸ್ತ್ರಿ.

ಅಜ್ಜೀಪುರ ದಾಟಿ ಬೆಟ್ಟ ಹತ್ತುವವರೆಗೂ ಏನೂ ಆಗಲಿಲ್ಲ. ಇಳಿಯುವಾಗ ಮೂರ್ನಾಲ್ಕು ತಿರುವು ಕಳೆದ ಮೇಲೆ ಸುಟ್ಟ ವಾಸನೆ ಬಂತು. ಮೇಸ್ತ್ರಿ ಹೇಗೋ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದರು. “ಇಳೀರಕ್ಕ. ಬ್ರೇಕ್ ಇಡೀತಾ ಇಲ್ಲ.”

ಮೊನ್ನೆ ಒಂದೇ ಎಂದವರು ಇವತ್ತು ಹೀಗೆ ಎನ್ನುತ್ತಾರಲ್ಲ, ನಡುವೆ ಆ ಕಂಪನಿಯ ಹುಡುಗ ಸಿಕ್ಕಿ ಏನಾದರೂ ಹೇಳಿದನೇ? ಗಾಡಿ ಸ್ವಲ್ಪ ಆರಿದ ಮೇಲೆ ಕೀ ಇಸಿದುಕೊಂಡು ನಾನೇ ಓಡಿಸಿದೆ. ಅವರು ಹಿಂದೆ ಕೂತರು. ಎರಡನೇ ತಿರುವಿನಲ್ಲಿ ಬ್ರೇಕ್ ಹಿಡಿಕೆ ಪೂರ್ತಿ ಒಳಗೆ ಬಂತು. ಗಾಡಿ ಮಾತ್ರ ನಿಲ್ಲಲಿಲ್ಲ. ಎದುರಿಗೆ ಬಸ್ಸು ಹಾರನ್ ಹೊಡೆಯುತ್ತಾ ಹತ್ತಿ ಬರುತ್ತಿತ್ತು. ಕಾಲು ನೆಲಕ್ಕೆ ಉಜ್ಜುತ್ತಾ ಗಾಡಿಯನ್ನು ಬೆಟ್ಟದ ಮಗ್ಗುಲಿನ ಮಣ್ಣಿಗೆ ನುಗ್ಗಿಸಿದೆ. ಚಪ್ಪಲಿ ಕಿತ್ತುಹೋಯಿತು. ಮೇಸ್ತ್ರಿ ಮಣ್ಣು ಕೊಡವಿಕೊಂಡು ಎದ್ದು, “ಈಗ್ಲಾದ್ರೂ ನಂಬ್ಕೆ ಬಂತಾ?” ಎಂದರು.

“ಬಂತು. ಆದ್ರೆ ಹೊಸ ಶೂನೂ ಹಿಂಗೇ ಮಾಡಬೌದಲ್ವಾ?”

ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಆದರೆ ಬೇಡ ಎನ್ನಲಿಲ್ಲ. ಅಲ್ಲಲ್ಲಿ ನಿಲ್ಲಿಸಿ ಗಾಡಿ ಆರಲು ಬಿಟ್ಟು ನಿಧಾನವಾಗಿ ಬೆಟ್ಟದ ಬುಡದ ತಾಳಬೆಟ್ಟಕ್ಕೆ ಇಳಿದು, ಮರದ ನೆರಳಿನಲ್ಲಿ ಜೊತೆಗೆ ತಂದಿದ್ದ ಹೊಸ ಶೂ ಹಾಕಿ, ಮತ್ತೆ ಹತ್ತಿ ಇಳಿದೆವು. ಗಾಲಿ ಕಾದಿತ್ತು, ವಾಸನೆಯೂ ಸ್ವಲ್ಪ ಬಂತು. ಬ್ರೇಕ್ ಮಾತ್ರ ಕೊನೆಯವರೆಗೂ ಹಿಡಿಯಿತು.

ಧಣಿಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಮ್ಮಿಬ್ಬರ ಮುಖವನ್ನೂ ನೋಡಿ, “ಆ ಕಂಪ್ನಿಯವನೂ ನೀವೂ ಒಂದಾಗ್ಬುಟ್ರಾ ಎಂಗೆ?” ಎಂದರು. ನನಗೆ ಬೇಜಾರಾಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಕರಕಲು ವಾಸನೆಯ ಹಳೆ ಶೂಗಳನ್ನೂ ಗಾಡಿಯ ಕೀಯನ್ನೂ ಮೇಜಿನ ಮೇಲಿಟ್ಟು, “ನೀವೇ ಒಂದ್ಸಲ ಹೋಗಿ ಬನ್ನಿ ಸಾ” ಎಂದೆ. ಅವರು ಶೂ ಎತ್ತಿ ಮೂಸಿದರು. ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

“ನನ್ನ ಮಗ್ಳಿಗೂ ಈ ಗಾಡೀನೇ ಕೊಡ್ಸಾನ ಅಂತಿದ್ದೆ ಕಣವ್ವ” ಎಂದರು ಆಮೇಲೆ. “ಒಸವನ್ನೇ ತರ್ಸು.”

ಹಾಗೆ ಆ ವರ್ಷದ ಆರ್ಡರ್ ಹೋಯಿತು. ಬೆಟ್ಟಕ್ಕೆ ಓಡಾಡುವ ಗಾಡಿಗಳು ಹನೂರಿನಲ್ಲೇ ಹೆಚ್ಚೆಂದು ಅಲ್ಲಿನ ನಮ್ಮ ಸರ್ವೀಸ್ ಸೆಂಟರಿಗೆ ಹೊಸ ಶೂ ಜಾಸ್ತಿ, ಯಳಂದೂರಿನ ಸೆಂಟರಿಗೆ ಕಡಿಮೆ. ಮುಂದಿನ ಸಲ ಕಂಪನಿಯ ಹುಡುಗ ಬಂದಾಗ ತಾನಾಗಿಯೇ ವಿಚಾರಿಸಿಕೊಂಡು ಬಂದಿದ್ದ. ಹೊಸ ಗಾಡಿಯ ತೂಕ ಜಾಸ್ತಿ, ಅದಕ್ಕೇ ಶೂ ಮೇಲೆ ಅಂಟಿಸುವ ಲೈನಿಂಗ್ ಪಟ್ಟಿಯ ಸಾಮಗ್ರಿ ಬದಲಾಯಿಸಿದ್ದಾರೆ, ಕಣ್ಣಿಗೆ ಕಾಣುವುದಿಲ್ಲ ಎಂದ. “ಅವತ್ತೇ ಯಾಕೆ ಹೇಳಲಿಲ್ಲ?” ಎಂದೆ. “ಅವತ್ತು ನಂಗೂ ಗೊತ್ತಿರಲಿಲ್ಲ ಮೇಡಂ.” ಅವನ ಮುಖ ನೋಡಿದರೆ ನಿಜ ಎನ್ನಿಸಿತು.

ಉಳಿದಿದ್ದ ಹಳೆ ಶೂಗಳು ಹಳೆ ಗಾಡಿಗಳಿಗೆ ಮಾತ್ರ ಎಂದು ಒಂದು ಬೀರುವಿಗೆ ತುಂಬಿ ಬೀಗ ಹಾಕಿದೆ. ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಬೀಗ ಯಾಕಕ್ಕ? ಯಾರ ಮ್ಯಾಲೆ ಅನುಮಾನ?”

“ನಿಮ್ಮ ಮೇಲಲ್ಲ” ಎಂದು ಕೀಯನ್ನು ಬ್ಯಾಗಿಗೆ ಹಾಕಿಕೊಂಡೆ. ಅವರು ನಂಬಿದ ಹಾಗೆ ಕಾಣಲಿಲ್ಲ.