ಎತ್ತು ಕುಡಿಯದ ಕಾರಂಜಿ ನೀರು

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಎಲೆಕ್ಟ್ರಿಕಲ್ ಸೂಪರ್‌ವೈಸರ್. ನವಲಗುಂದ ಭಾಗದ ಒಂದು ಊರಿನ ಪೇಟೆ ಸರ್ಕಲ್‌ನಲ್ಲಿ ಕಾರಂಜಿಯ ವೈರಿಂಗ್ ನನ್ನ ಪಾಲಿಗೆ ಬಂದಿತ್ತು. ನಡುವೆ ಜೋಡೆತ್ತಿನ ಶಿಲ್ಪ, ಸುತ್ತ ಮೊಣಕಾಲೆತ್ತರದ ತೊಟ್ಟಿ, ನೀರೊಳಗೆ ಪಂಪು ಮತ್ತು ಹನ್ನೆರಡು ದೀಪ. ಶಿಲ್ಪಿ ಮಾದರಿಗೆ ಆರಿಸಿಕೊಂಡಿದ್ದು ಮೊರಬದ ರೈತ ಫಕ್ಕೀರಪ್ಪನ ಎತ್ತುಗಳನ್ನು.

ಉದ್ಘಾಟನೆ ಹನ್ನೊಂದಕ್ಕೆ. ಒಂಬತ್ತೂವರೆಗೆ ಇಎಲ್‌ಸಿಬಿ ಟ್ರಿಪ್ ಆಯಿತು. ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಪೆಟ್ಟಿಗೆ ಅದು. ಅದರ ಸ್ವಿಚ್ಚು ಎತ್ತಿದೆವು, ಮತ್ತೆ ಬಿತ್ತು. ಮೂರನೆಯ ಸಲವೂ ಬಿದ್ದಾಗ ನನಗೆ ತಲೆ ಕೆಟ್ಟಿತು. ಪೆಟ್ಟಿಗೆಯೇ ಹಾಳಾಗಿದೆ ಎಂದುಕೊಂಡೆ.

"ಡೈರೆಕ್ಟ್ ಕೊಡಪಾ," ಎಂದೆ.

ವೈರ್‌ಮನ್ ದಾವಲ್‌ಸಾಬ ಅಲುಗಲಿಲ್ಲ. "ಬ್ಯಾಡ್ರಿ ಸಾಹೇಬ್ರ. ನೀರಿನ ಕೆಲಸ ಐತಿ."

"ಎರಡ ತಾಸಿನ ಮಾತು. ನಾಳಿ ಬದಲ್ಸೂಣು."

ನಮ್ಮ ಕಡೆ ಕೆಲಸ ನಿಂತಲ್ಲೆಲ್ಲ ಈ ಮದ್ದು ಇದ್ದೇ ಇದೆ. ಪಂಪ್‌ಸೆಟ್‌ಗೆ ಡೈರೆಕ್ಟ್, ಹಿಟ್ಟಿನ ಗಿರಣಿಗೆ ಡೈರೆಕ್ಟ್. ಅವನು ಒಲ್ಲದ ಮನಸ್ಸಿನಿಂದ ಪೆಟ್ಟಿಗೆ ಬಿಟ್ಟು ವೈರು ಜೋಡಿಸಿದ. ಕಾರಂಜಿ ಚಿಮ್ಮಿತು, ಹಗ್ಗದಾಚೆ ನಿಂತ ಜನ ಚಪ್ಪಾಳೆ ತಟ್ಟಿದರು.

ಹೊಸ ನೀರಿಗೆ ಮೊದಲು ಉಡಿ ತುಂಬಬೇಕೆಂದು ಹಿರಿಯರು ಹೇಳಿದ್ದರು. ಆ ಸರ್ಕಲ್ ಗುಡಿಸುವ ಗಂಗವ್ವನನ್ನೇ ಅದಕ್ಕೆ ಕರೆದಿದ್ದರು. ಹನ್ನೊಂದಕ್ಕೆ ಹಗ್ಗ ಬಿಚ್ಚಿದರು. ಹಸಿರು ಸೀರೆ ಉಟ್ಟು, ಮೊರದಲ್ಲಿ ಖಣ, ಕಾಯಿ, ಅಕ್ಕಿ ಹಿಡಿದು ಆಕೆ ಬರಿಗಾಲಲ್ಲಿ ಹೊರಟಳು. ಅಷ್ಟರಲ್ಲಿ, ಉದ್ಘಾಟನೆಗೆಂದು ಎತ್ತು ಹೊಡೆದುಕೊಂಡು ಬಂದಿದ್ದ ಫಕ್ಕೀರಪ್ಪ ಆಚೆ ಬದಿಯಲ್ಲಿ ತನ್ನ ಬಿಳಿ ಎತ್ತನ್ನು ನೀರು ಕುಡಿಯಲು ಬಿಟ್ಟ. ಅದು ಮೂತಿ ತಾಗಿಸಿದ್ದೇ ಬೆಚ್ಚಿ ಹಿಂದಕ್ಕೆ ಹಾರಿತು. ಜನ ನಕ್ಕರು.

ಫಕ್ಕೀರಪ್ಪ ನಗಲಿಲ್ಲ. "ಮುಂಜಾನಿಂದ ನೀರ ಕುಡದಿಲ್ರಿ ಇದು. ಈಗ್ಯಾಕ ಹೆದರತೈತಿ?"

ನೀರಿಗೆ ಕರೆಂಟು ಇಳಿದಿದೆ ಎಂದು ನನಗೆ ಆಗ ಹೊಳೆಯಿತು. "ಗಂಗವ್ವಾ, ನೀರ ಮುಟ್ಟಬ್ಯಾಡ," ಎಂದು ಕೂಗುತ್ತಲೇ ಪ್ಯಾನೆಲ್‌ನತ್ತ ಓಡಿದೆ. ಡೊಳ್ಳಿನ ಸದ್ದಿನಲ್ಲಿ ಆಕೆಗೆ ಕೇಳಿಸಲಿಲ್ಲ. ನಾನು ಫ್ಯೂಸ್ ಕಿತ್ತಾಗ ಆಕೆಯ ಕೈ ನೀರಿನಿಂದ ಒಂದು ಗೇಣು ದೂರದಲ್ಲಿತ್ತು.

ಜನರನ್ನು ದೂರ ಸರಿಸಿ, ಕ್ಷಣ ಕರೆಂಟು ಕೊಟ್ಟು ಅಳೆದೆ. ನೀರಿಗೂ ನೆಲಕ್ಕೂ ನಡುವೆ ನೂರಾಹತ್ತು ವೋಲ್ಟ್. ಒಂದು ದೀಪದ ಕೇಬಲ್ ಸೀಳಿತ್ತು. ಸೋರಿದ ಕರೆಂಟನ್ನು ಭೂಮಿಗಿಳಿಸಬೇಕಾದ ಅರ್ಥಿಂಗ್ ಪೈಪಿನ ಸುತ್ತ ಎರೆಮಣ್ಣು ಬಿಸಿಲಿಗೆ ಬಾಯಿಬಿಟ್ಟು, ಬೆರಳು ಹೋಗುವಷ್ಟು ಸಂದಾಗಿತ್ತು; ಒಣಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಪಕ್ಕದಲ್ಲೇ ತೊಟ್ಟಿ ತುಂಬ ನೀರಿದ್ದರೂ ಆ ಪೈಪಿನ ಗುಂಡಿಗೆ ಒಂದು ಕೊಡ ಸುರಿಯಲು ನನಗೆ ನೆನಪಾಗಿರಲಿಲ್ಲ.

ತಪ್ಪು ನನ್ನದೆಂದು ಎಲ್ಲರ ಮುಂದೆ ಹೇಳಿದೆ. ಅಂದಿನಿಂದ, ಎದುರಿಗೆ ಯಾರೇ ಕಾದು ನಿಂತಿರಲಿ, ಟ್ರಿಪ್ ಆದ ಲೈನನ್ನು ಕಾರಣ ಸಿಗುವತನಕ ನಾನು ಎತ್ತಿಲ್ಲ.

ಗಂಗವ್ವ ಮೊರ ಹಿಡಿದೇ ನನ್ನ ಹತ್ತಿರ ಬಂದಳು. "ಎತ್ತಿಗೆ ತಿಳಿದದ್ದು ನಿಮಗ್ಯಾಕ ತಿಳೀಲಿಲ್ರಿ?"

ಮೂರು ಸಲ ಆ ಪೆಟ್ಟಿಗೆ ಹೇಳಿತ್ತು, ಒಂದು ಸಲ ದಾವಲ್‌ಸಾಬ ಹೇಳಿದ್ದ.