ಅಜ್ಜನ ಪೆಟ್ಟಿಗೆ, ಸರ್ಕಾರದ ಪೆಟ್ಟಿಗೆ

ಫಿನ್ಲೆಂಡಿನ ತುರ್ಕು ಊರಿನ ಸಂತೆಯಲ್ಲಿ ಆಲೂಗಡ್ಡೆ ಮಾರುವ ಹಿಲ್ಯಾಳ ಅಳತೆಯೆಂದರೆ ಕಪ್ಪಾ, ಅಜ್ಜನ ಕಾಲದ ಮರದ ಪೆಟ್ಟಿಗೆ. ಅಳತೆ ತಪಾಸಣೆಯವನು ಅದಕ್ಕೆ ಬಟಾಣಿ ತುಂಬಿ ಲೀಟರಿನಲ್ಲಿ ಅಳೆಯತೊಡಗಿದಾಗ, ಕಡಿಮೆ ಬಂದರೆ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲು ಎಂದು ಅವಳು ಹೆದರಿದಳು.

"ಅರ್ಧ ಲೀಟರ್ ಜಾಸ್ತೀನೇ ಇದೆಯಲ್ಲಮ್ಮ! ಈಗಿನ ಕಪ್ಪಾ ಅಂದ್ರೆ ಐದೇ ಲೀಟರ್. ಇಗೋ, ಸರ್ಕಾರದ ಈ ಪೆಟ್ಟಿಗೇಲಿ ಅಳೀರಿ."

ಹಿಲ್ಯಾಗೆ ಹೋದ ಜೀವ ಬಂತು. ಹೊಸ ಪೆಟ್ಟಿಗೆ ನೋಡಿದೊಡನೆ ಮತ್ತೆ ಹೋಯಿತು. ಖಾಯಂ ಗಿರಾಕಿ ತೈಮಿ ಚೀಲ ಹಿಡಿದು ನಿಂತಿದ್ದಳು.

"ಏನೇ ಹಿಲ್ಯಾ, ಪೆಟ್ಟಿಗೆ ಸೊರಗಿದೆ?"

"ಸರ್ಕಾರದ ಲೆಕ್ಕ ಕಣೇ."

"ಮೋಸ ಮಾಡೋರೆಲ್ಲ ಸರ್ಕಾರದ ಹೆಸರೇ ಹೇಳೋದು!"

ಹಿಲ್ಯಾ ಹೊಸ ಪೆಟ್ಟಿಗೆಯಲ್ಲೇ ಅಳೆದು ಕೊಟ್ಟಳು. ತಪಾಸಣೆಯವನು ಬೆನ್ನು ತಿರುಗಿಸುವ ತನಕ ಕಾದು, ಇನ್ನೆರಡು ಬೊಗಸೆ ಆಲೂಗಡ್ಡೆಯನ್ನು ಕದ್ದ ಮಾಲಿನಂತೆ ತೈಮಿಯ ಚೀಲಕ್ಕೆ ಸುರಿದಳು.