ದಿನಾ ಬೆಳಿಗ್ಗೆ ಮರಳುವ ಸಹಿ

ಬೆಳಿಗ್ಗೆ ಏಳೂ ಹತ್ತು. ಸಾಲ್ಮಿ ಕೊಲ್ಲಿಯ ಊರ ಗ್ರಂಥಾಲಯದ ಹಿಂಬಾಗಿಲು ಅಕ್ಟೋಬರ್ ಬಂತೆಂದರೆ ಉಬ್ಬಿಕೊಂಡು ಸತಾಯಿಸುತ್ತದೆ. ಇರ್ಯಾ ಕೊಸ್ಕೆಲಾ ಅದಕ್ಕೆ ಭುಜ ಕೊಟ್ಟು ತಳ್ಳಿ ಒಳಗೆ ಬರುತ್ತಾರೆ, ಬೂಟು ಕಳಚಿ ಉಣ್ಣೆಯ ಕಾಲುಚೀಲದಲ್ಲೇ ಓಡಾಡುತ್ತಾರೆ. ದೀಪ ಹಾಕುವುದಿಲ್ಲ. ಕಿಟಕಿಯಾಚೆ ಸುಪೀರಿಯರ್ ಸರೋವರ ಇನ್ನೂ ಕಾಣುತ್ತಿಲ್ಲ, ಅದರ ಸದ್ದಷ್ಟೇ ಇದೆ. ಕಾಫಿಗೆ ನೀರಿಟ್ಟು, ಊರವರಿಗೆಂದು ಇಟ್ಟಿರುವ ಮೂರು ಕಂಪ್ಯೂಟರುಗಳನ್ನು ಒಂದೊಂದಾಗಿ ಚಾಲೂ ಮಾಡುತ್ತಾರೆ. ಮೂರನೆಯದರ ಮುಂದೆ ಮಾತ್ರ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಪರದೆಯ ಮೂಲೆಯಲ್ಲಿ ಒಂದು ಪಿಡಿಎಫ್ ಅರ್ಜಿ ಇದೆ. ಇರ್ಯಾ ಅದನ್ನು ತೆರೆಯುತ್ತಾರೆ. ಸಹಿಯ ಚೌಕದಲ್ಲಿ ಎಡಕ್ಕೆ ವಾಲಿದ ಅಕ್ಷರಗಳಲ್ಲಿ ಆರ್ವೋ ನಿಸುಲಾ ಎಂಬ ಸಹಿ. ಪಕ್ಕದ ಚೌಕದಲ್ಲಿ ತಾರೀಖು ಅಕ್ಟೋಬರ್ ಹದಿನೈದು, ಅಂದರೆ ಇವತ್ತು. ಆರ್ವೋ ಕೊಲ್ಲಿಯ ಮಂಜುಗಡ್ಡೆಯ ಮೇಲೆ ಹೋಗಿ ಕಾಣೆಯಾದದ್ದು ಫೆಬ್ರವರಿ ಹದಿನೈದರಂದು.

"ನಿನ್ನೆ ಹದಿನಾಲ್ಕು ಅಂತ ಹಾಕಿದ್ದ," ಎನ್ನುತ್ತಾರೆ ಇರ್ಯಾ, ಕಾಫಿ ಲೋಟವನ್ನು ನನ್ನ ಕಡೆ ತಳ್ಳುತ್ತಾ. "ಹಾಗೇ ಬಿಟ್ರೆ ನಾಳೆ ಹದಿನಾರು ಹಾಕ್ತಾನೆ. ದಿನಾ ಇವತ್ತೇ ಸಹಿ ಮಾಡ್ತಾನೆ ಕಣ್ರೀ."

ನಾನು ದೆವ್ವದ ಕಥೆ ಬರೆಯುವವನಲ್ಲ. ಹತ್ತೊಂಬತ್ತು ವರ್ಷದಿಂದ ಈ ಊರಲ್ಲಿದ್ದೇನೆ, ದುಡಿಯುವವರ ಬಗ್ಗೆ ಭಾನುವಾರದ ಪುರವಣಿಗೆ ಬರೆಯುತ್ತೇನೆ. ಇರ್ಯಾ ಬಗ್ಗೆ ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಂಡಿದ್ದಕ್ಕೆ ಕಾರಣ ಬೇರೆಯೇ ಇತ್ತು. ಮಿಷಿಗನ್ನಿನ ಈ ಉತ್ತರ ತುದಿಯಲ್ಲಿ ಯಾವ ಕಚೇರಿಯೂ ಹತ್ತಿರವಿಲ್ಲ. ಎಲ್ಲ ಕಚೇರಿಗಳೂ ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಿ ಕಳಿಸಿ ಎನ್ನುತ್ತವೆ. ತುಂಬುವುದು ಹೇಗೋ ಆಗುತ್ತದೆ. ಸಹಿ ಮತ್ತು ಫೋಟೊ ಬಂದಾಗ ಊರಿಗೆ ಊರೇ ಕೈಚೆಲ್ಲುತ್ತದೆ. ಆಗ ಎಲ್ಲರೂ ಬರುವುದು ಇರ್ಯಾ ಹತ್ತಿರ. ದಿನಕ್ಕೆ ಹದಿನೈದು ಅರ್ಜಿ, ಬೇಟೆಯ ಕಾಲದಲ್ಲಿ ಇಪ್ಪತ್ತೈದು. ಕೆನಡಾದಲ್ಲಿ ಹಾಕಿ ಪಂದ್ಯ ನೋಡಲು ಪಾಸ್‌ಪೋರ್ಟು, ಸೌನಾ ಎಂಬ ಬಿಸಿಹಬೆಯ ಸ್ನಾನದ ಮನೆಯ ಹೊಗೆಕೊಳವೆಗೆ ಅನುಮತಿ, ನಾಯಿಗೆ ಲೈಸೆನ್ಸು.

"ರೇನೋ ಮುದುಕಪ್ಪ ಒಂದ್ಸಲ ನನ್ನನ್ನ ಕೇಳದೆ ತಾನೇ ಮಾಡಿದ," ಎಂದು ಇರ್ಯಾ ನಗುತ್ತಾರೆ. "ನಾಯಿ ಫೋಟೊ ಹಾಕೋ ಜಾಗದಲ್ಲಿ ತನ್ನ ಫೋಟೊನೇ ಹಾಕಿ ಕಳ್ಸಿದ್ದ. ಲೈಸೆನ್ಸು ಬಂದೇಬಿಡ್ತು. ಕೊರಳಿಗೆ ಕಟ್ಕೊಂಡು ಓಡಾಡಯ್ಯಾ, ಕಳೆದುಹೋದ್ರೆ ಯಾರಾದ್ರೂ ಮನೆಗೆ ತಂದು ಬಿಡ್ತಾರೆ ಅಂದೆ."

ಅವರ ಕೆಲಸ ನೋಡುವುದೇ ಒಂದು ಚೆಂದ. ಬಿಳಿ ಕಾರ್ಡಿನ ಮೇಲೆ ಕಪ್ಪು ಪೆನ್ನಿನಿಂದ ಸಹಿ ಮಾಡಿಸುತ್ತಾರೆ, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯುತ್ತಾರೆ, ಸುತ್ತಲಿನ ಬಿಳಿಯನ್ನೆಲ್ಲ ಅಳಿಸಿ ಬರೀ ಶಾಯಿಯ ಗೆರೆ ಉಳಿಸಿಕೊಳ್ಳುತ್ತಾರೆ. ಬಿಳಿ ಉಳಿದರೆ ಅರ್ಜಿಯ ಗೆರೆಯನ್ನು ಮುಚ್ಚಿಬಿಡುತ್ತದೆ, ಗಾಯಕ್ಕೆ ಪಟ್ಟಿ ಅಂಟಿಸಿದ ಹಾಗೆ ಕಾಣುತ್ತದೆ ಎನ್ನುತ್ತಾರೆ. ಮುಖದ ಫೋಟೊವನ್ನು ಮೂಲೆ ಹಿಡಿದೇ ಎಳೆಯಬೇಕು, ಬದಿ ಹಿಡಿದು ಎಳೆದರೆ ಮನುಷ್ಯ ಕುದುರೆಯಾಗುತ್ತಾನೆ. ಕೈ ನಡುಗುವವರು, ಪಾರ್ಶ್ವವಾಯು ಬಡಿದವರು, ಗಣಿಯಲ್ಲಿ ಬೆರಳು ಕಳೆದುಕೊಂಡವರು ಹೀಗೆ ನಾನೂರ ಹನ್ನೆರಡು ಜನರ ಸಹಿಯ ಕಾರ್ಡುಗಳು ಅವರ ಬಿಸ್ಕತ್ತಿನ ಡಬ್ಬದಲ್ಲಿವೆ. ಕೈ ಗಟ್ಟಿ ಇದ್ದಾಗಲೇ ಒಂದು ಸಹಿ ಮಾಡಿ ಇರ್ಯಾ ಹತ್ತಿರ ಇಟ್ಟಿರು ಎನ್ನುವುದು ಇಲ್ಲಿ ವಾಡಿಕೆಯ ಮಾತಾಗಿದೆ.

ಆದರೆ ಒಂದು ನಿಯಮವಿದೆ. ಕಂಪ್ಯೂಟರಿನ ಪಕ್ಕ ಒಂದು ಹಳದಿ ಪ್ಲಾಸ್ಟಿಕ್ ಕುರ್ಚಿ. ಸಹಿಯ ಒಡೆಯ ಬಂದು ಆ ಕುರ್ಚಿಯಲ್ಲಿ ಕೂತ ಹೊರತು ಇರ್ಯಾ ಅವನ ಸಹಿಯನ್ನು ಮುಟ್ಟುವುದಿಲ್ಲ. ಗಂಡ ಕಳಿಸಿದ, ಅಮ್ಮ ಹೇಳಿದಳು, ಯಾವ ನೆಪವೂ ನಡೆಯುವುದಿಲ್ಲ. ಈ ಹಟ ಎಲ್ಲಿಂದ ಬಂತೆಂದು ಕೇಳಿದೆ.

"ಅಪ್ಪಂಗೆ ಇಂಗ್ಲಿಷ್ ಓದೋಕೆ ಬರ್ತಿರ್ಲಿಲ್ಲ. ತಾಮ್ರದ ಗಣೀಲಿ ಬೆನ್ನು ಮುರಿದು ಮಲಗಿದ್ದಾಗ ಅಲ್ಲಿನ ಗುಮಾಸ್ತನೊಬ್ಬ ಉಪಕಾರ ಮಾಡ್ದ. ಅಪ್ಪನ ಬದಲು ತಾನೇ ಸಹಿ ಹಾಕ್ದ. ಕೆಲಸ ಬಿಡ್ತೀನಿ ಅಂತ ಅಪ್ಪನೇ ಒಪ್ಪಿದ ಹಾಗೆ ಕಾಗದ ಇತ್ತು. ಸಾಯೋವರೆಗೂ ಅಪ್ಪ ಅದೊಂದೇ ಕೇಳ್ತಿದ್ದ, ನಾನು ಯಾವಾಗ ಬರೆದೆ ಅಂತ."

ಇರ್ಯಾಗೆ ಈಗ ಅರವತ್ಮೂರು. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡಿದರು. ಶಾಲೆ ಮುಚ್ಚಿತು, ಆ ಹಳದಿ ಕುರ್ಚಿ ಅಲ್ಲಿಂದಲೇ ಬಂದದ್ದು. ಗ್ರಂಥಾಲಯಕ್ಕೆ ಸೇರಿದ್ದು ನೆಲ ಒರೆಸಲು, ಬಾಗಿಲ ಮುಂದಿನ ಹಿಮ ಎತ್ತಲು. ಅರ್ಜಿಯ ಕೆಲಸವನ್ನು ಯಾರೂ ಹೇಳಿಕೊಡಲಿಲ್ಲ, ಯಾರೂ ವಹಿಸಲೂ ಇಲ್ಲ. ಇವತ್ತಿಗೂ ದಾಖಲೆಯಲ್ಲಿ ಅವರು ಕಸ ಗುಡಿಸುವವರೇ.

ಈಗ ಫೆಬ್ರವರಿಗೆ ಬರೋಣ. ಆರ್ವೋ ನಿಸುಲಾ ಮರ ಸಾಗಿಸುವ ಲಾರಿಯ ಚಾಲಕ, ನಲವತ್ತನಾಲ್ಕರ ಗಟ್ಟಿ ಆಳು. ಕೊಲ್ಲಿಯ ಆಚೆ ದಡದಲ್ಲಿ ಅವನೂ ಹೆಂಡತಿ ಮಾರ್ಲಿಸಳೂ ಕೈಯಾರೆ ಕಟ್ಟಿದ ಒಂದು ಕ್ಯಾಂಪು ಇದೆ. ಕ್ಯಾಂಪು ಅಂದರೆ ಒಂದು ಕೋಣೆ, ಒಂದು ಸೌನಾ, ಅಷ್ಟೇ. ಜಾಗ ಕಾಡಿನ ಕಂಪನಿಯದು. ಐದು ವರ್ಷಕ್ಕೊಮ್ಮೆ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ, ಕಟ್ಟಡದ ಫೋಟೊ ಸೇರಿಸಿ, ಗುತ್ತಿಗೆ ನವೀಕರಿಸಬೇಕು. ತಪ್ಪಿದರೆ ಕಂಪನಿ ಬುಲ್ಡೋಜರ್ ಕಳಿಸುತ್ತದೆ. ಈ ಸಲದ ಗಡುವು ಅಕ್ಟೋಬರ್ ಹದಿನೈದು. ಆರ್ವೋ ಎಂಟು ತಿಂಗಳ ಮೊದಲೇ, ಫೆಬ್ರವರಿ ಹದಿನಾಲ್ಕರಂದು ಬಂದ. ಹಳದಿ ಕುರ್ಚಿಯಲ್ಲಿ ಕೂತು ತನ್ನ ಸಹಿ ಸೇರಿಸಿದ. ಫೋಟೊದ ಚೌಕದಲ್ಲಿ ಮಾತ್ರ ಎಡವಟ್ಟು ಮಾಡಿದ. ಫೋನಿನಲ್ಲಿ ಕ್ಯಾಂಪಿನ ಫೋಟೊ ಇರಲಿಲ್ಲ, ಮಂಜಿನ ಮೇಲಿನ ದಾರಿಯ ಫೋಟೊ ಇತ್ತು. ಕ್ರಿಸ್ಮಸ್ ಮುಗಿದ ಮೇಲೆ ಬಿಸಾಡಿದ ಮರಗಳನ್ನು ಇಲ್ಲಿಯವರು ಹೆಪ್ಪುಗಟ್ಟಿದ ಕೊಲ್ಲಿಯಲ್ಲಿ ಸಾಲಾಗಿ ನೆಟ್ಟು ದಾರಿ ಗುರುತು ಮಾಡುತ್ತಾರೆ. ಆ ಸಾಲಿನ ಫೋಟೊವನ್ನೇ ಸೇರಿಸಿ, ಕ್ಯಾಂಪಿಗೆ ಹೋಗೋ ದಾರಿ ತಾನೇ, ನಡೆಯುತ್ತೆ ಬಿಡಿ ಎಂದ.

"ನಡೆಯಲ್ಲ ಕಣೋ ಅಂದೆ ನಾನು," ಎನ್ನುತ್ತಾರೆ ಇರ್ಯಾ. ಅವರ ಬೆರಳು ಲೋಟದ ಅಂಚಿನ ಮೇಲೆ ಸುತ್ತುತ್ತಿದೆ. "ಕಟ್ಟಡದ ಫೋಟೊನೇ ಬೇಕು, ತಗೊಂಡು ಬಾ, ಅಲ್ಲೀವರೆಗೂ ಇದು ಇಲ್ಲೇ ಇರ್ಲಿ ಅಂದೆ. ಮಾರನೇ ದಿನವೇ ಹೋದ."

ಗಾಳಿ ದಿಕ್ಕು ಬದಲಿಸಿತು, ಮಂಜುಗಡ್ಡೆ ಸೀಳಿ ದಡ ಬಿಟ್ಟು ಹೋಯಿತು. ನಾಲ್ಕು ದಿನ ಹುಡುಕಿದರು. ಒಂದು ಎಡಗೈಯ ಗವಸು ಸಿಕ್ಕಿತು.

ಸಹಿ ಮರಳಿ ಬರುವುದಕ್ಕೆ ಕಾರಣ ಸರಳವಾಗಿಯೇ ಇದೆ. ಆರ್ವೋ ಎದ್ದು ಹೋದ ಸಂಜೆ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಕಂಪ್ಯೂಟರ್ ರಿಪೇರಿಯವನು ಡುವೇನ್ ಬಂದು ಮೂರನೆಯ ಯಂತ್ರಕ್ಕೆ ಒಂದು ಕಾವಲು ಏರ್ಪಾಟು ಹಾಕಿದ್ದ. ಹಗಲು ಯಾರು ಏನೇ ಮಾಡಲಿ, ಆರಿಸಿ ಹಚ್ಚಿದರೆ ಯಂತ್ರ ಆ ಸಂಜೆ ಹೇಗಿತ್ತೋ ಹಾಗೇ ಏಳುತ್ತದೆ. ಆರ್ವೋನ ಅರ್ಜಿ ಅದರೊಳಗೇ ಸೇರಿಹೋಯಿತು. ತಾರೀಖಿನ ಚೌಕವನ್ನು ಮಾತ್ರ ಅರ್ಜಿಯೇ ತುಂಬಿಕೊಳ್ಳುತ್ತದೆ, ತೆರೆದ ದಿನದ ತಾರೀಖು. ಇದೆಲ್ಲ ನನಗೆ ಅರ್ಥವಾಗುತ್ತದೆ. ಆದರೂ ಕತ್ತಲ ಕೋಣೆಯಲ್ಲಿ ಆ ಸಹಿಯ ಪಕ್ಕ ಇವತ್ತಿನ ತಾರೀಖು ನೋಡಿದಾಗ ನಾನು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡೆ.

ಎಂಟು ಗಂಟೆಗೆ ಊರವರು ಬರುವ ಮೊದಲು ಇರ್ಯಾ ಅದನ್ನು ಅಳಿಸಬೇಕು. ಇನ್ನೂರ ಐದು ಬೆಳಗು ಅಳಿಸಿದ್ದಾರೆ. ಡುವೇನ್‌ಗೆ ಒಂದು ಮಾತು ಹೇಳಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಯಾಕೆ ಹೇಳಲಿಲ್ಲ ಎಂದೆ.

"ಅಳಿಸೋದು ಅಂದ್ರೆ ದಿನಾ ಅವನನ್ನ ನಾನೇ ನೀರಿಗೆ ತಳ್ಳಿದ ಹಾಗಿರುತ್ತೆ. ಪೂರ್ತಿ ಅಳಿಸಿಬಿಟ್ರೆ ಅಲ್ಲಿಗೆ ಮುಗೀತಲ್ಲ. ಅದಕ್ಕೂ ಧೈರ್ಯ ಬರ್ಲಿಲ್ಲ." ಪರದೆಯ ಕಡೆ ಕೈ ತೋರಿಸುತ್ತಾರೆ. "ಆ ಫೋಟೊದಲ್ಲಿ ಮರ ಎಷ್ಟಿವೆ, ಎಣಿಸಿ."

ಬಿಳಿ ಬಯಲು, ದೂರಕ್ಕೆ ಚಿಕ್ಕದಾಗುತ್ತ ಹೋಗುವ ಮರಗಳ ಸಾಲು. ಎಣಿಸುತ್ತೇನೆ. ಹನ್ನೊಂದು. ಅದರಾಚೆ ಮಸುಕಿನಲ್ಲಿ ಆಳೆತ್ತರದ ಇನ್ನೊಂದು ನಿಂತಿದೆ, ಅದಕ್ಕೆ ಕೊಂಬೆಗಳಿಲ್ಲ.

"ಹನ್ನೊಂದು," ಎನ್ನುತ್ತೇನೆ.

"ನಾನೂ ದಿನಾ ಅಷ್ಟೇ ಅಂತ ಹೇಳ್ಕೋತೀನಿ," ಎನ್ನುತ್ತಾರೆ ಇರ್ಯಾ.

ಏಳೂವರೆಗೆ ಹಿಂಬಾಗಿಲು ಮತ್ತೆ ಕಿರುಗುಟ್ಟುತ್ತದೆ. ಮಾರ್ಲಿಸ್ ನಿಸುಲಾ ಒಳಗೆ ಬರುತ್ತಾಳೆ, ಕೈಯಲ್ಲಿ ಬಟ್ಟೆ ಸುತ್ತಿದ ಏಲಕ್ಕಿ ಬ್ರೆಡ್ಡು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಇರ್ಯಾ ಸಹಿಯನ್ನು ಇನ್ನೂ ಅಳಿಸದೆ ಹೊರಗೆ ಗುಡಿಸುತ್ತಿದ್ದಾಗ ಅವಳು ಬಂದು ಮೂರನೆಯ ಕಂಪ್ಯೂಟರಿನ ಮುಂದೆ ಕೂತುಬಿಟ್ಟಿದ್ದಳು. ಆವತ್ತಿನಿಂದ ವಾರಕ್ಕೆರಡು ಸಲ ಬರುತ್ತಾಳೆ. ಐದು ನಿಮಿಷ ಗಂಡನ ಸಹಿ ನೋಡುತ್ತಾಳೆ, ಈ ಅರ್ಜಿ ಕಳಿಸಿಬಿಡು ಎಂದು ಒಂದೇ ಮಾತು ಕೇಳುತ್ತಾಳೆ, ಹೋಗುತ್ತಾಳೆ. ಇವತ್ತು ಗಡುವಿನ ಕೊನೆಯ ದಿನ. ಹತ್ತು ಗಂಟೆಗೆ ಡುವೇನ್ ಬಂದು ಹಳೆಯ ಯಂತ್ರಗಳನ್ನೆಲ್ಲ ಒಯ್ದು ಹೊಸದನ್ನು ಇಡುತ್ತಾನೆ.

"ಕ್ಯಾಂಪಿನ ಫೋಟೊ ನನ್ನ ಹತ್ರ ಇದೆ," ಎನ್ನುತ್ತಾಳೆ ಮಾರ್ಲಿಸ್. "ರಸ್ತೆ ಬಳಸಿ ಹೋಗಿ ತೆಗೆದೆ. ಮರದ ಫೋಟೊ ತೆಗೆದು ಇದನ್ನ ಹಾಕು. ಕೆಳಗೆ ನಾನು ಸಹಿ ಮಾಡ್ತೀನಿ. ಕಳಿಸಿಬಿಡು ಇರ್ಯಾ. ಅವನೇ ಕೂತು ಮಾಡಿದ ಸಹಿ ತಾನೇ? ನಿನ್ನ ಈ ಕುರ್ಚೀಲೇ ಕೂತಿದ್ದ."

"ಕೂತಿದ್ದ. ಫೆಬ್ರವರೀಲಿ ಕೂತಿದ್ದ. ಕಾಗದ ಇವತ್ತು ಅಂತ ಹೇಳ್ತಿದೆ."

"ಯಾರು ನೋಡ್ತಾರೆ?"

"ನೀನು ನೋಡ್ತೀಯ. ಅವನು ಅಕ್ಟೋಬರಲ್ಲಿ ಬದುಕಿದ್ದ ಅಂತ ಒಂದು ಕಾಗದ ಹುಟ್ಟುತ್ತೆ ಮಾರ್ಲಿಸ್. ಆಮೇಲೆ ನೀನು ಪ್ರತಿ ಸದ್ದಿಗೂ ಬಾಗಿಲಿಗೆ ಓಡ್ತೀಯ."

ಇರ್ಯಾ ಎರಡನೆಯ ಕಂಪ್ಯೂಟರಿನಲ್ಲಿ ಅದೇ ಅರ್ಜಿಯ ಖಾಲಿ ಪ್ರತಿ ತೆರೆದು ಕೊನೆಯ ಪುಟ ತೋರಿಸುತ್ತಾರೆ. ಅಲ್ಲಿ ಒಂದು ಚೌಕವಿದೆ: ಇಬ್ಬರಲ್ಲಿ ಒಬ್ಬರು ಸಹಿ ಮಾಡಲಾಗದಿದ್ದರೆ ಕಾರಣ ಬರೆಯಿರಿ.

"ಇದನ್ನ ಆಗಸ್ಟಿಂದ ತೋರಿಸ್ತಿದೀಯ," ಎನ್ನುತ್ತಾಳೆ ಮಾರ್ಲಿಸ್. "ಸತ್ತ ಅಂತ ನಾನು ಬರೆಯಲ್ಲ."

"ಬರೀಬೇಡ. ನಿಂಗೆ ಏನು ಗೊತ್ತೋ ಅಷ್ಟು ಬರಿ."

ಮಾರ್ಲಿಸ್ ಹಳದಿ ಕುರ್ಚಿಯಲ್ಲಿ ಕೂರುತ್ತಾಳೆ. ಕೂತವಳು ಕೀಲಿಮಣೆ ಮುಟ್ಟುವುದಿಲ್ಲ. ಇರ್ಯಾ ನಿಂತೇ ಇದ್ದಾರೆ.

"ಮಾರ್ಲಿಸ್, ಆ ಫೋಟೊ ನಡೆಯಲ್ಲ ಅಂದಿದ್ದು ನಾನು. ಹೋಗಿ ಕ್ಯಾಂಪಿಂದು ತಗೊಂಡು ಬಾ ಅಂತ ಕಳ್ಸಿದ್ದು ನಾನು. ಎಂಟು ತಿಂಗಳಿಂದ ನಿಂಗೆ ಹೇಳೋಕಾಗಿಲ್ಲ."

"ಗೊತ್ತು," ಎನ್ನುತ್ತಾಳೆ ಮಾರ್ಲಿಸ್, ತಿರುಗದೆ. "ಆವತ್ತೇ ಮನೆಗೆ ಬಂದು ಹೇಳಿದ್ದ. ಇರ್ಯಾ ಬೈದು ಕಳ್ಸಿದ್ಲು ಕಣೇ, ಶಾಲೇಲಿ ಕ್ಯಾರೆಟ್ ತಿನ್ನದಿದ್ರೆ ಬೈತಿದ್ಳಲ್ಲ, ಹಾಗೇ ಬೈದ್ಲು ಅಂತ ನಗ್ತಿದ್ದ. ಗಾಳಿ ಇದೆ, ನಾಡಿದ್ದು ಹೋಗು ಅಂದೆ ನಾನು. ಕೇಳ್ಲಿಲ್ಲ. ನೀನು ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ಇರ್ಯಾ ಮುಖ ಮುಚ್ಚಿಕೊಳ್ಳುತ್ತಾರೆ. ಮಾರ್ಲಿಸ್ ಎಡಗೈಯಿಂದ ಅವರ ಅಂಗಿಯ ಚುಂಗು ಹಿಡಿದುಕೊಂಡು ಬಲಗೈಯ ಒಂದೇ ಬೆರಳಿನಿಂದ ಒತ್ತತೊಡಗುತ್ತಾಳೆ. ಚೌಕದಲ್ಲಿ ಮೂಡಿದ್ದು ಇಷ್ಟು: ಫೆಬ್ರವರಿ ಹದಿನೈದರಂದು ಮಂಜಿನ ಮೇಲೆ ಹೋದರು. ಇನ್ನೂ ಬಂದಿಲ್ಲ.

ಆಮೇಲಿನದು ದಿನನಿತ್ಯದ ಕೆಲಸ. ಇರ್ಯಾ ಕ್ಯಾಂಪಿನ ಫೋಟೊವನ್ನು ಮೂಲೆ ಹಿಡಿದು ಚೌಕಕ್ಕೆ ಕೂರಿಸುತ್ತಾರೆ. ಮಾರ್ಲಿಸ್ ಕಾರ್ಡಿನ ಮೇಲೆ ಸಹಿ ಮಾಡುತ್ತಾಳೆ, ಅದರ ಬಿಳಿ ಅಳಿಯುತ್ತದೆ, ಸಹಿ ಎರಡನೆಯ ಗೆರೆಯ ಮೇಲೆ ಕೂರುತ್ತದೆ. ಮೊದಲನೆಯ ಗೆರೆ ಖಾಲಿ. ಏಳೂ ಐವತ್ತಕ್ಕೆ ಅರ್ಜಿ ಹೋಗುತ್ತದೆ. ಕಂಪನಿ ಒಪ್ಪುತ್ತದೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.

ಹೊರಗೆ ಬೂದುಬಣ್ಣದ ಬೆಳಕು ಬಂದಿದೆ. ಮೂರನೆಯ ಪರದೆಯಲ್ಲಿ ಆರ್ವೋನ ಅರ್ಜಿ ತೆರೆದೇ ಇದೆ. ಅಳಿಸುವ ಮೊದಲು ಇರ್ಯಾ ಒಮ್ಮೆ ಮಾರ್ಲಿಸಳ ಕಡೆ ನೋಡುತ್ತಾರೆ. ಅವಳು ಎದ್ದು ಬಂದು, ಮೌಸ್ ಹಿಡಿದಿದ್ದ ಇರ್ಯಾ ಕೈಯ ಮೇಲೆ ತನ್ನ ಕೈ ಇಡುತ್ತಾಳೆ. ಇಬ್ಬರೂ ಸೇರಿ ಒತ್ತುತ್ತಾರೆ. ನಾನು ನೋಡಿದ್ದನ್ನೇ ಬರೆಯುತ್ತೇನೆ: ಸಹಿ ಹೋಯಿತು, ಫೋಟೊ ಹೋಗುವುದಕ್ಕೆ ಒಂದು ಕ್ಷಣ ತಡವಾಯಿತು, ಆಗ ಸಾಲಿನಲ್ಲಿ ಇದ್ದದ್ದು ಹನ್ನೊಂದೇ ಮರ, ಅದರಾಚೆಯ ಮಸುಕಿನಲ್ಲಿ ಏನೂ ಇರಲಿಲ್ಲ.

ಹತ್ತಕ್ಕೆ ಡುವೇನ್ ಬಂದು ಮೂರೂ ಯಂತ್ರಗಳನ್ನು ವ್ಯಾನಿಗೆ ಹಾಕಿಕೊಂಡು ಹೋದ. ಮೂರನೆಯದರ ಜಾಗದಲ್ಲಿ ಧೂಳಿನ ಒಂದು ಚೌಕ ಉಳಿಯಿತು, ಇರ್ಯಾ ಬಟ್ಟೆ ತಂದು ಒರೆಸಿದರು. ಏನಾದರೂ ಬೇಕೆನಿಸುತ್ತದೆಯೇ ಎಂದು ಹೊರಡುವಾಗ ಕೇಳಿದೆ. ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿದೆ, ಯಾರಾದರೂ ಒಂದು ತಿರುಪು ಹಾಕಿಕೊಟ್ಟರೆ ಸಾಕು ಎಂದರು. ಬಾಗಿಲವರೆಗೆ ಬಂದವರು ಉಣ್ಣೆಯ ಕಾಲುಚೀಲದಲ್ಲೇ ಮೆಟ್ಟಿಲ ಮೇಲೆ ನಿಂತರು. ಬಾಗಿಲಿನಾಚೆ ರೇನೋ ಮುದುಕಪ್ಪ ನಾಯಿಯ ಜೊತೆ ಆಗಲೇ ಕಾಯುತ್ತಿದ್ದ.

"ಎಂಟು ತಿಂಗಳು ಅವನ ಸಹಿ ನನ್ನ ಕೈಗೆ ಸಿಗೋ ಹಾಗೇ ಬಿದ್ದಿತ್ತು ಕಣ್ರೀ," ಎಂದರು ಇರ್ಯಾ. "ಅವನಿಲ್ಲದೆ ಒಂದೇ ಒಂದು ಕಾಗದಕ್ಕೂ ಅದು ತಾಗೋಕೆ ನಾನು ಬಿಡ್ಲಿಲ್ಲ."